ಪದರ ಏಳುವ ಪಿಪಿ–ನೈಲಾನ್ ಭಾಗಗಳು: ಫಾರ್ಮುಲಾ ಮುಟ್ಟುವ ಮೊದಲು ನೋಡಬೇಕಾದದ್ದು

ಗೇಟ್ (ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಕಿಂಡಿ) ಪಕ್ಕದಲ್ಲಿ ಬ್ಲೇಡಿನ ತುದಿ ತೂರಿಸಿ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯಂಥ ಹೊಳಪಿನ ಪೊರೆ ಸುಲಿದು ಬರುತ್ತದೆ. ಅದರ ಕೆಳಗೆ ಇನ್ನೊಂದು. ಕ್ಲಿಪ್ ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯುತ್ತದೆ, ಮುರಿದ ಅಂಚಿನಲ್ಲಿ ನಾರಿನಂಥ ಎಳೆಗಳು ಕಾಣುತ್ತವೆ. ಫಾರ್ಮುಲಾ ಅದೇ, ಗ್ರೇಡ್ ಅದೇ, ಹೋದ ತಿಂಗಳು ಇದೇ ಮಾಲು ಚೆನ್ನಾಗಿ ಓಡಿತ್ತು. ಪಾಲಿಪ್ರೊಪಿಲೀನ್ (ಪಿಪಿ) ಮತ್ತು ನೈಲಾನ್ 6 ಬೆರೆಸಿ ಕಾಂಪೌಂಡ್ ಮಾಡುವವರಿಗೂ ಅದನ್ನು ಮೋಲ್ಡ್ ಮಾಡುವವರಿಗೂ ಇದು ಪರಿಚಯದ ತಲೆನೋವು.

ಇಂಥ ಹೊತ್ತಿನಲ್ಲಿ ಬಹಳ ಕಡೆ ಮೊದಲು ಬರುವ ಮಾತು, "ಕಂಪ್ಯಾಟಿಬಿಲೈಸರ್ ಇನ್ನೊಂದು ಪರ್ಸೆಂಟ್ ಜಾಸ್ತಿ ಹಾಕಿ." ಆ ಹೆಜ್ಜೆಯನ್ನು ಕಟ್ಟಕಡೆಗೆ ಇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾರಣ ಸರಳ. ಪಿಪಿ ಮತ್ತು ನೈಲಾನ್ ತಾವಾಗಿ ಎಂದೂ ಬೆರೆಯುವುದಿಲ್ಲ. ಅವೆರಡನ್ನು ಕಟ್ಟಿಹಾಕಲು ನಾವು ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಿಪಿ ಹಾಕುತ್ತೇವೆ. ಚೀಲದಲ್ಲಿ ಬರುವ ಈ ಮಾಲು ಇನ್ನೂ ಕಚ್ಚಾ ಸ್ಥಿತಿಯಲ್ಲಿದೆ. ಅದರ ಅನ್‌ಹೈಡ್ರೈಡ್ ಗುಂಪು ನೈಲಾನ್ ಸರಪಳಿಯ ಅಮೀನ್ ತುದಿಯನ್ನು ಹಿಡಿದು, ಒಂದು ಬದಿ ಪಿಪಿ ಇನ್ನೊಂದು ಬದಿ ನೈಲಾನ್ ಇರುವ ಹೊಸ ಅಣುವಾದಾಗ ಮಾತ್ರ ನಿಜವಾದ ಕಂಪ್ಯಾಟಿಬಿಲೈಸರ್ ಹುಟ್ಟುತ್ತದೆ. ಅದು ಹುಟ್ಟುವುದು ನಿಮ್ಮ ಎಕ್ಸ್‌ಟ್ರೂಡರಿನ (ಸ್ಕ್ರೂ ತಿರುಗಿ ಮಾಲು ಕರಗಿಸಿ ಬೆರೆಸುವ ಯಂತ್ರದ) ಬ್ಯಾರೆಲ್ ಒಳಗೆ, ಎರಡು ದ್ರವಗಳು ಮುಟ್ಟುವ ಗಡಿಯಲ್ಲಿ, ಒಂದೆರಡು ನಿಮಿಷಕ್ಕೂ ಕಡಿಮೆ ಸಮಯದಲ್ಲಿ. ಆ ಸ್ವಲ್ಪ ಹೊತ್ತಿನಲ್ಲಿ ತೇವ, ತಾಪ, ಒತ್ತಡ ಹೇಗಿದ್ದವು ಎಂಬುದರ ಮೇಲೆ ಹೊಂದಾಣಿಕೆ ನಿಂತಿದೆ.

ಮುಂದಿನ ಮಾತೆಲ್ಲ ಪಿಪಿ ಸುಮಾರು ಶೇ. 70, ನೈಲಾನ್ 6 ಸುಮಾರು ಶೇ. 25, ಉಳಿದದ್ದು ಕಸಿ ಪಿಪಿ ಇರುವ ಮಿಶ್ರಣವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಂದರೆ ಪಿಪಿಯೊಳಗೆ ನೈಲಾನ್ ಹನಿಗಳು. ನಿಮ್ಮದು ನೈಲಾನ್ ಹೆಚ್ಚಿರುವ ಮಿಶ್ರಣವಾದರೆ ಸ್ನಿಗ್ಧತೆಯ (ಹರಿಯಲು ದ್ರವ ಒಡ್ಡುವ ತಡೆಯ) ಭಾಗದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ ಎಂಬುದನ್ನು ಗಮನದಲ್ಲಿಡಿ.

ಇದು ನಿಜಕ್ಕೂ ಪದರವೇ?

ಬೆಳ್ಳಿ ಗೆರೆಗಳನ್ನು ನೋಡಿ ಪದರ ಎಂದುಕೊಳ್ಳುವುದು ಸಾಮಾನ್ಯ. ತೇವದಿಂದ ಬರುವ ಬೆಳ್ಳಿ ಗೆರೆ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ, ಸುಲಿಯುವುದಿಲ್ಲ. ಗೇಟ್ ಹತ್ತಿರ ಬ್ಲೇಡಿನಿಂದ ಚೌಕುಳಿ ಗೆರೆ ಕೊಯ್ದು, ಗಟ್ಟಿ ಅಂಟಿನ ಟೇಪ್ ಒತ್ತಿ ಅಂಟಿಸಿ, ಒಂದೇ ಏಟಿಗೆ ಎಳೆಯಿರಿ. ಟೇಪಿನಲ್ಲಿ ಪೊರೆ ಬಂದರೆ ಪದರ, ಬರದಿದ್ದರೆ ಬೇರೆ ದೋಷ. ಗೇಟ್ ಬಳಿ, ನಡುವೆ, ತುತ್ತತುದಿಯಲ್ಲಿ ಮೂರೂ ಕಡೆ ಮಾಡಿ ನೋಡಿ. ಗೇಟ್ ಬಳಿ ಮಾತ್ರ ಏಳುವುದಕ್ಕೂ ಭಾಗದ ಉದ್ದಕ್ಕೂ ಏಳುವುದಕ್ಕೂ ಕಾರಣ ಒಂದೇ ಇರುವುದು ಕಡಿಮೆ.

ಪದರವೇ ಹೌದು ಎಂದಾದರೆ ಕಲಬೆರಕೆಯನ್ನು ಮೊದಲು ಹೊರಗಿಡಿ. ಹಿಂದಿನ ಕೆಲಸದ ಎಬಿಎಸ್ ಅಥವಾ ಪಿಸಿಯಂಥ ಬೇರೆ ಪ್ಲಾಸ್ಟಿಕ್ ಬ್ಯಾರೆಲ್ಲಿನಲ್ಲೋ ಹಾಟ್ ರನ್ನರಿನಲ್ಲೋ ಉಳಿದಿದ್ದರೆ ಇದೇ ಚಿತ್ರ ಕಾಣುತ್ತದೆ. ಹಾಪರ್ ಲೋಡರಿನ ಪೈಪು, ಡ್ರೈಯರ್ ತಳ, ಗ್ರೈಂಡರ್ ಜಾಲರಿ ಈ ಮೂರು ಕಡೆಯಿಂದಲೇ ಹೆಚ್ಚಿನ ಕಲಬೆರಕೆ ಬರುತ್ತದೆ. ಅಚ್ಚಿಗೆ ಹೊಡೆಯುವ ಸಿಲಿಕಾನ್ ಸ್ಪ್ರೇಯನ್ನೂ ಒಂದು ಪಾಳಿ ನಿಲ್ಲಿಸಿ ನೋಡಿ. ಮಾಸ್ಟರ್‌ಬ್ಯಾಚ್ (ಬಣ್ಣದ ಸಾಂದ್ರ ಕಾಳು) ಬದಲಾಗಿದ್ದರೆ ಅದನ್ನು ಕೈಬಿಟ್ಟು ಬಣ್ಣವಿಲ್ಲದೆ ಹತ್ತಿಪ್ಪತ್ತು ಶಾಟ್ ತೆಗೆಯಿರಿ. ಅಗ್ಗದ ಮಾಸ್ಟರ್‌ಬ್ಯಾಚುಗಳಲ್ಲಿ ಝಿಂಕ್ ಅಥವಾ ಕ್ಯಾಲ್ಸಿಯಂ ಸ್ಟಿಯರೇಟ್ ಧಾರಾಳವಾಗಿರಬಹುದು. ಈ ಲೋಹದ ಸಾಬೂನುಗಳು ಅನ್‌ಹೈಡ್ರೈಡ್ ಗುಂಪುಗಳನ್ನು ತಾವೇ ಹಿಡಿದು ಕೂರುತ್ತವೆ, ನೈಲಾನ್ ಪಾಲಿಗೆ ಉಳಿಯುವುದು ಕಡಿಮೆ.

ಕಾಂಪೌಂಡಿನದೋ, ಮೋಲ್ಡಿಂಗಿನದೋ?

ಇದನ್ನು ತೀರ್ಮಾನಿಸಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮಾಮೂಲಿ ಸೈಕಲ್ಲಿನಲ್ಲಿ ಐದಾರು ಶಾಟ್ ತೆಗೆದಿಡಿ. ಆಮೇಲೆ ಮೆಲ್ಟ್ (ಕರಗಿದ ಮಾಲು) ತುಂಬಿದ ಬ್ಯಾರೆಲ್ಲನ್ನು 235–240 ಡಿಗ್ರಿಯಲ್ಲಿ ಹತ್ತು ನಿಮಿಷ ಹಾಗೇ ನಿಲ್ಲಿಸಿ, ನಂತರದ ಮೊದಲ ಶಾಟನ್ನೂ ತೆಗೆಯಿರಿ. ಎರಡಕ್ಕೂ ಟೇಪ್ ಪರೀಕ್ಷೆ ಮಾಡಿ.

ಕರಗಿ ಸುಮ್ಮನೆ ನಿಂತ ಮಿಶ್ರಣದಲ್ಲಿ ನೈಲಾನ್ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಲು ಹವಣಿಸುತ್ತವೆ. ಗಡಿಯಲ್ಲಿ ಆ ಹೊಸ ಅಣು ಸಾಕಷ್ಟು ಹುಟ್ಟಿದ್ದರೆ ಹನಿಗಳು ಹತ್ತಿರ ಬಂದರೂ ಒಂದಾಗುವುದಿಲ್ಲ, ಎರಡೂ ಶಾಟ್ ಒಂದೇ ರೀತಿ ಇರುತ್ತವೆ. ಆಗ ನೋಡಬೇಕಾದದ್ದು ಮೋಲ್ಡಿಂಗ್. ನಿಂತ ನಂತರದ ಶಾಟ್ ಎದ್ದುಕಾಣುವಷ್ಟು ಕೆಟ್ಟಿದ್ದರೆ ಗಡಿಯಲ್ಲಿ ಕ್ರಿಯೆಯೇ ಸರಿಯಾಗಿ ನಡೆದಿಲ್ಲ, ಎಕ್ಸ್‌ಟ್ರೂಡರ್ ಕಡೆಗೆ ಹೋಗಿ. ಒಂದು ಎಚ್ಚರಿಕೆ: ಬಣ್ಣ ಹಳದಿಗೆ ತಿರುಗಿದ್ದರೆ ಅಥವಾ ಮೆಲ್ಟ್ ನೀರಾಗಿದ್ದರೆ ಮಾಲು ಸುಟ್ಟಿದೆ, ಆ ಶಾಟಿನಿಂದ ಏನನ್ನೂ ತೀರ್ಮಾನಿಸಬೇಡಿ.

ತೇವ

ಮಳೆಗಾಲದಲ್ಲಿ ಈ ದೂರು ಹೆಚ್ಚಾದರೆ ಬೇರೆ ಕಡೆ ಹುಡುಕುವ ಮುನ್ನ ಡ್ರೈಯರ್ ನೋಡಿ. ನೈಲಾನ್ 6 ಗಾಳಿಯಿಂದಲೇ ನೀರು ಕುಡಿಯುತ್ತದೆ. 23 ಡಿಗ್ರಿ, ಶೇ. 50 ಆರ್ದ್ರತೆಯಲ್ಲಿ ಬಿಟ್ಟರೂ ಕೊನೆಗೆ ಶೇ. 2.5–3ರಷ್ಟು ನೀರು ಸೇರುತ್ತದೆ. ಎಕ್ಸ್‌ಟ್ರೂಡರಿಗೆ ಹೋಗುವಾಗ ಶೇ. 0.2ಕ್ಕಿಂತ ಕೆಳಗಿರಬೇಕು, 0.1 ಸಿಕ್ಕರೆ ಇನ್ನೂ ಒಳ್ಳೆಯದು. ಆಷಾಢದ ಮಂಗಳೂರಿನಲ್ಲಿ ಬರಿಯ ಬಿಸಿಗಾಳಿಯ ಹಾಪರ್ ಡ್ರೈಯರ್ ಇದನ್ನು ಮುಟ್ಟುವುದಿಲ್ಲ, ಒಳಗೆಳೆಯುವ ಗಾಳಿಯೇ ಒದ್ದೆ. 80 ಡಿಗ್ರಿಯಲ್ಲಿ ಡೀಹ್ಯೂಮಿಡಿಫೈಯಿಂಗ್ ಡ್ರೈಯರ್ ಅಥವಾ ವ್ಯಾಕ್ಯೂಮ್ ಓವನ್ ಬೇಕು. ಬಿಸಿ ಹೆಚ್ಚಿಸಿ ಸಮಯ ಉಳಿಸಲು ಹೋದರೆ ನೈಲಾನ್ ಗಾಳಿಯಲ್ಲಿ ಹಳದಿಯಾಗುತ್ತದೆ.

ತೇವ ಎರಡು ಕಡೆ ಪೆಟ್ಟು ಕೊಡುತ್ತದೆ. ಕರಗಿದ ನೈಲಾನಿನ ಸರಪಳಿಗಳನ್ನು ನೀರು ಕತ್ತರಿಸುವುದರಿಂದ ಅದರ ಸ್ನಿಗ್ಧತೆ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು. ಕಡಿಮೆ ಗಮನಕ್ಕೆ ಬರುವುದು ಎರಡನೆಯದು. ಅನ್‌ಹೈಡ್ರೈಡ್ ಉಂಗುರವನ್ನು ನೀರು ಬಿಚ್ಚಿ ಆಮ್ಲವಾಗಿಸುತ್ತದೆ, ಆಮ್ಲರೂಪ ಅಮೀನ್ ತುದಿಯೊಡನೆ ಅಷ್ಟು ಚುರುಕಾಗಿ ಸೇರುವುದಿಲ್ಲ. ಹಾಗಾಗಿ ನೈಲಾನ್ ಒಣಗಿಸಿ, ಕಸಿ ಪಿಪಿ ಚೀಲವನ್ನು ವಾರಗಟ್ಟಲೆ ಬಾಯಿ ತೆರೆದಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ. ಅನುಮಾನವಿದ್ದರೆ ಕಸಿ ಪಿಪಿಯನ್ನು ತೆಳು ಹಾಳೆಯಾಗಿ ಒತ್ತಿ ಎಫ್‌ಟಿಐಆರ್ (ಅವಕೆಂಪು ಬೆಳಕಿನ ಪರೀಕ್ಷೆ) ಮಾಡಿಸಿ. 1785 ಸೆಂ.ಮೀ⁻¹ ಆಸುಪಾಸಿನ ಶಿಖರ ಅನ್‌ಹೈಡ್ರೈಡಿನದು, 1710ರ ಹತ್ತಿರದ್ದು ಆಮ್ಲದ್ದು. ಹಳೆಯ ಚೀಲದ ಮಾಲಿನಲ್ಲಿ ಎರಡನೆಯದು ಎದ್ದು ನಿಂತಿದ್ದರೆ ಆ ಚೀಲ ಬದಿಗಿಡಿ.

ಯಾವುದು ಮೊದಲು ಕರಗುತ್ತದೆ

ಪಿಪಿ ಸುಮಾರು 165 ಡಿಗ್ರಿಗೆ ಕರಗುತ್ತದೆ, ನೈಲಾನ್ 6 ಕರಗಲು 220 ಬೇಕು. ಈ 55 ಡಿಗ್ರಿ ಅಂತರದಲ್ಲಿ ಬ್ಯಾರೆಲ್ ಒಳಗೆ ಏನಾಗುತ್ತದೆ? ಕರಗಿದ ಪಿಪಿಯಲ್ಲಿ ಗಟ್ಟಿ ನೈಲಾನ್ ಕಾಳುಗಳು ತೇಲುತ್ತಿರುತ್ತವೆ. ಪಿಪಿ ಜಾರುಜಾರಾಗಿ ಸುತ್ತ ಹರಿಯುವುದರಿಂದ ಕಾಳಿಗೆ ತಿಕ್ಕಾಟವೂ ಸಾಲದು, ಶಾಖವೂ ಸಾಲದು. ಬ್ಲೆಂಡ್ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಏನೆಂದರೆ, ಕಾಳಿನಿಂದ ಮೈಕ್ರಾನ್ ಹನಿಯವರೆಗಿನ ಇಳಿತದ ಬಹುಭಾಗ ಕರಗುವ ಆ ಘಳಿಗೆಯಲ್ಲೇ ಆಗುತ್ತದೆ. ಮೆತ್ತಗಾದ ಕಾಳು ಹಾಳೆಯಾಗಿ ಎಳೆಯಲ್ಪಡುತ್ತದೆ, ಹಾಳೆಯಲ್ಲಿ ತೂತು ಬೀಳುತ್ತವೆ, ತೂತು ದೊಡ್ಡದಾಗಿ ಎಳೆಗಳಾಗುತ್ತವೆ, ಎಳೆ ಒಡೆದು ಹನಿಗಳಾಗುತ್ತವೆ. ನೈಲಾನ್ ತಡವಾಗಿ, ಕೊನೆಯ ನೀಡಿಂಗ್ ಬ್ಲಾಕ್ (ಸ್ಕ್ರೂವಿನಲ್ಲಿ ಮಾಲು ನಾದುವ ಭಾಗ) ದಾಟಿದ ಮೇಲೆ ಕರಗಿದರೆ ಈ ಸರಣಿ ನಡೆಯಲು ಜಾಗವೇ ಉಳಿಯುವುದಿಲ್ಲ.

ಹಾಗಾಗಿ ಮೊದಲ ಝೋನುಗಳನ್ನು ಪಿಪಿ ಅಭ್ಯಾಸದಂತೆ 180–200ರಲ್ಲಿ ಬಿಟ್ಟಿದ್ದರೆ ಬದಲಾಯಿಸಿ. ಫೀಡ್ ಗಂಟಲು ತಣ್ಣಗಿರಲಿ, ಆದರೆ ಮೊದಲ ನೀಡಿಂಗ್ ಬ್ಲಾಕಿಗೆ ಬರುವ ಹೊತ್ತಿಗೆ 235 ಇರಲಿ. ಡೈಯಿಂದ ಬರುವ ಸ್ಟ್ರ್ಯಾಂಡನ್ನು ಓರೆಯಾಗಿ ಕೊಯ್ದು ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳಿದ್ದು, ಬೆರಳಿಗೆ ಮರಳಿನಂತೆ ತಾಕಿದರೆ ಅದು ಕರಗದ ನೈಲಾನ್.

ಮೇಲಿನ ಮಿತಿಯೂ ಇದೆ. ಮೆಲ್ಟ್ 270 ದಾಟುತ್ತಿದ್ದ ಹಾಗೆ ಪಿಪಿ ಸರಪಳಿ ತುಂಡಾಗುವುದು ಜೋರಾಗುತ್ತದೆ. ಪ್ಯಾನೆಲ್ ಮೇಲಿನ ಅಂಕಿಯನ್ನು ನಂಬಬೇಡಿ, ಅದು ಬ್ಯಾರೆಲ್ ಉಕ್ಕಿನ ತಾಪ. ಸ್ಕ್ರೂ ತಿಕ್ಕಾಟದಿಂದ ಮೆಲ್ಟ್ ಅದಕ್ಕಿಂತ 15–30 ಡಿಗ್ರಿ ಮೇಲಿರುವುದು ಸಾಮಾನ್ಯ. ಕೈಯಲ್ಲಿ ಹಿಡಿಯುವ ಪ್ರೋಬನ್ನು ಬಿಸಿ ಮಾಡಿಕೊಂಡು ಡೈ ಮುಂದಿನ ಮೆಲ್ಟ್ ಮುದ್ದೆಯಲ್ಲಿ ಚುಚ್ಚಿ ಅಳೆಯಿರಿ.

ಸ್ನಿಗ್ಧತೆಯ ಅನುಪಾತ: ಆರ್‌ಪಿಎಂ ಏರಿಸಿದರೆ ಏಕೆ ಕೆಡುತ್ತದೆ

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಬಹಳಷ್ಟು ತಪ್ಪು ಹೊಂದಿಕೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಹನಿಯನ್ನು ಒಡೆಯಲು ನೋಡುವುದು ಹರಿವಿನ ಎಳೆತ, ಹಿಡಿದು ಗುಂಡಗೆ ಇಡಲು ನೋಡುವುದು ಗಡಿಯ ಮೇಲ್ಮೈ ಸೆಳೆತ. ಇವೆರಡರ ಪೈಪೋಟಿಯನ್ನು ಜಿ. ಐ. ಟೇಲರ್ 1934ರಲ್ಲೇ ಲೆಕ್ಕ ಹಾಕಿದ್ದರು. ಅದಕ್ಕೆ ಇನ್ನೊಂದು ಅಂಶ ಸೇರುತ್ತದೆ: ಹನಿಯ ಸ್ನಿಗ್ಧತೆಯನ್ನು ಸುತ್ತಲಿನ ದ್ರವದ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಅನುಪಾತ. ಇದು 1ರ ಹತ್ತಿರವಿದ್ದಾಗ ಹನಿ ಸುಲಭವಾಗಿ ಒಡೆಯುತ್ತದೆ. 1982ರಲ್ಲಿ ಎಚ್. ಪಿ. ಗ್ರೇಸ್ ಪ್ರಕಟಿಸಿದ ಪ್ರಯೋಗಗಳು ತೋರಿಸಿದ ಹಾಗೆ, ಅನುಪಾತ ಸುಮಾರು 4 ದಾಟಿದರೆ ಬರಿಯ ಜಾರುವ ಹರಿವಿನಲ್ಲಿ ಎಷ್ಟು ತಿರುಗಿಸಿದರೂ ಹನಿ ಒಡೆಯುವುದಿಲ್ಲ, ಇದ್ದಲ್ಲೇ ಉರುಳುತ್ತದೆ. ಹಿಗ್ಗಿಸಿ ಎಳೆಯುವ ಹರಿವು ಮಾತ್ರ ಅದನ್ನು ಒಡೆಯಬಲ್ಲದು. ಆ ಪ್ರಯೋಗಗಳು ಸರಳ ದ್ರವಗಳ ಒಂಟಿ ಹನಿಗಳ ಮೇಲೆ ನಡೆದವು. ಪಾಲಿಮರಿನಲ್ಲಿ ಅಂಕಿ ಅಷ್ಟು ಕರಾರುವಾಕ್ಕಲ್ಲ, ಆದರೆ ದಿಕ್ಕು ಸರಿ.

ಈಗ ನಮ್ಮ ಮಿಶ್ರಣಕ್ಕೆ ಬನ್ನಿ. ಶಿಯರ್ (ದ್ರವದ ಪದರಗಳು ಒಂದರ ಮೇಲೊಂದು ಜಾರುವುದು) ಹೆಚ್ಚಾದಂತೆ ಪಿಪಿ ಬೇಗ ತೆಳ್ಳಗಾಗುತ್ತದೆ, ನೈಲಾನ್ 6 ಅಷ್ಟು ಬೇಗ ಆಗುವುದಿಲ್ಲ. ತಾಪ ಹೆಚ್ಚಾದಂತೆ ನೈಲಾನ್ ಸ್ನಿಗ್ಧತೆ ಪಿಪಿಗಿಂತ ಬೇಗ ಇಳಿಯುತ್ತದೆ. ಈ ಎರಡು ಸ್ವಭಾವಗಳನ್ನು ಜೊತೆಗಿಟ್ಟು ನೋಡಿ. "ಮಿಕ್ಸಿಂಗ್ ಸಾಲದು" ಎಂದು ಆಪರೇಟರ್ ಆರ್‌ಪಿಎಂ ಏರಿಸಿದಾಗ, ಸುತ್ತಲಿನ ಪಿಪಿ ತೆಳ್ಳಗಾಗಿ, ನೈಲಾನ್ ಹನಿ ಹೋಲಿಕೆಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಅನುಪಾತ ಮೇಲೇರುತ್ತದೆ. ಎಳೆತ ಹೆಚ್ಚಾಯಿತು, ಆದರೆ ಹನಿಗೆ ಅದು ತಲುಪುತ್ತಿಲ್ಲ. ಅದೇ ಯಂತ್ರದಲ್ಲಿ ಆರ್‌ಪಿಎಂ ಹಾಗೇ ಇಟ್ಟು ಮೆಲ್ಟನ್ನು 10 ಡಿಗ್ರಿ ಏರಿಸಿದರೆ ಅನುಪಾತ ಇಳಿದು ಹನಿ ಸಣ್ಣದಾಗಬಹುದು. ಅನುಪಾತ ಮೊದಲೇ 1ಕ್ಕಿಂತ ಕೆಳಗಿದ್ದರೆ ಇದೇ ಕ್ರಮ ಉಲ್ಟಾ ಹೊಡೆಯುತ್ತದೆ. ಆದ್ದರಿಂದ ನಾಬ್ ತಿರುಗಿಸುವ ಮೊದಲು ನೀವು ಯಾವ ಬದಿಯಲ್ಲಿದ್ದೀರಿ ಎಂಬುದು ಗೊತ್ತಿರಬೇಕು.

ಅದನ್ನು ಎಂಎಫ್‌ಐ (ಮೆಲ್ಟ್ ಫ್ಲೋ ಇಂಡೆಕ್ಸ್, ಕರಗಿದ ಮಾಲು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ ಅಳತೆ) ಹೇಳುವುದಿಲ್ಲ. ಮಾಮೂಲಿ ಗ್ರೇಡುಗಳಿಗೆ ಎಂಎಫ್‌ಐ ಯಂತ್ರದೊಳಗಿನ ಶಿಯರ್ ದರ ಸೆಕೆಂಡಿಗೆ ಕೆಲವು ಹತ್ತುಗಳಷ್ಟೇ. 40 ಮಿಮೀ ಟ್ವಿನ್ ಸ್ಕ್ರೂ 300 ಆರ್‌ಪಿಎಂನಲ್ಲಿ ತಿರುಗುವಾಗ ಸ್ಕ್ರೂ ಅಂಚಿನ ವೇಗ ಸೆಕೆಂಡಿಗೆ ಸುಮಾರು 0.63 ಮೀಟರ್. 7 ಮಿಮೀ ಆಳದ ಚಾನಲ್ಲಿನಲ್ಲಿ ಶಿಯರ್ ದರ ಸುಮಾರು 90, ಅಂಚಿಗೂ ಬ್ಯಾರೆಲ್ಲಿಗೂ ನಡುವಿನ 0.3 ಮಿಮೀ ಸಂದಿಯಲ್ಲಿ 2000 ದಾಟುತ್ತದೆ. ಕಾಗದದ ಮೇಲೆ ಎಂಎಫ್‌ಐ ಹೊಂದಿಸಿದ ಎರಡು ಗ್ರೇಡುಗಳು ಅಲ್ಲಿ ಹೊಂದಬೇಕೆಂದೇನೂ ಇಲ್ಲ. ಸಾಮಗ್ರಿ ಕೊಟ್ಟವರಿಂದ 240 ಡಿಗ್ರಿಯ ಕ್ಯಾಪಿಲರಿ ಕರ್ವ್ (ಶಿಯರ್ ದರಕ್ಕೆ ತಕ್ಕಂತೆ ಸ್ನಿಗ್ಧತೆ ತೋರಿಸುವ ನಕ್ಷೆ) ಕೇಳಿ ಪಡೆಯಿರಿ, ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು 100 ಮತ್ತು 1000ದಲ್ಲಿ ಅನುಪಾತ ನೋಡಿ. ಕಾಂಪೌಂಡ್ ಮಾಡುವವರು ಇದಿಷ್ಟು ಮಾಡಿದರೆ ಅರ್ಧ ವಾದಗಳು ಅಲ್ಲೇ ಮುಗಿಯುತ್ತವೆ.

ನೈಲಾನ್ ಪ್ರಮಾಣ ಶೇ. 40ರ ಮೇಲಿದ್ದರೆ ಇನ್ನೊಂದು ಅಪಾಯ ಸೇರುತ್ತದೆ. ತೆಳುವಾದ ದ್ರವ ಸುತ್ತುವರಿಯಲು ನೋಡುತ್ತದೆ. ಒದ್ದೆ ಇದ್ದದ್ದರಿಂದ ನೈಲಾನ್ ತೆಳ್ಳಗಾಗಿದ್ದರೆ ಅದೇ ಹೊರಗಿನ ಹಂತವಾಗಿಬಿಡಬಹುದು. ಆಗ ಭಾಗ ನೀರು ಕುಡಿದು ಅಳತೆ ಬದಲಾಯಿಸುತ್ತದೆ, ಪಿಪಿಯ ಗುಣವನ್ನು ನಂಬಿ ಮಾಡಿದ ವಿನ್ಯಾಸ ಕೈಕೊಡುತ್ತದೆ.

ಸ್ಕ್ರೂ, ಫೀಡ್, ವೆಂಟ್

ಸ್ಕ್ರೂ ಬಿಚ್ಚಿದ್ದಾಗ ನೀಡಿಂಗ್ ಬ್ಲಾಕಿನ ಅಂಚು ಸವೆದಿದೆಯೇ ನೋಡಿ. ಗಾಜಿನ ನಾರು ಓಡಿಸುವ ಯಂತ್ರಗಳಲ್ಲಿ ಇದು ಬೇಗ ಸವೆಯುತ್ತದೆ, ಸಂದಿ ಅಗಲವಾದಷ್ಟೂ ಒಡೆಯುವ ಶಕ್ತಿ ಇಳಿಯುತ್ತದೆ. ಫೀಡ್ ದರ ಏರಿಸಿ ಆರ್‌ಪಿಎಂ ಹಾಗೇ ಇಟ್ಟಿದ್ದರೆ ಪ್ರತಿ ಕಿಲೋಗೆ ಸಿಗುವ ಕೆಲಸ ಕಡಿಮೆಯಾಗಿದೆ. ಮೋಟಾರಿನ ಕಿಲೋವಾಟನ್ನು ಗಂಟೆಗೆ ಓಡುವ ಕಿಲೋದಿಂದ ಭಾಗಿಸಿ, ಚೆನ್ನಾಗಿ ಓಡಿದ ದಿನದ ಅಂಕಿಯೊಡನೆ ಹೋಲಿಸಿ. ಪಿಪಿ ಮತ್ತು ಕಸಿ ಪಿಪಿ ಮೊದಲೇ ಬೆರೆತು ಹೋಗಲಿ. ಬೇರೆ ಬೇರೆ ಫೀಡರಿನಿಂದ ಹಾಕುವಾಗ ಕಸಿ ಪಿಪಿಯ ಫೀಡರ್ ನಡುನಡುವೆ ಕಟ್ಟಿಕೊಂಡರೆ ಸ್ಟ್ರ್ಯಾಂಡಿನಲ್ಲಿ ಮೀಟರುಗಟ್ಟಲೆ ಅದೇ ಇರುವುದಿಲ್ಲ, ಲಾಟಿನ ಸರಾಸರಿ ಮಾತ್ರ ಸರಿ ಕಾಣುತ್ತದೆ.

ವ್ಯಾಕ್ಯೂಮ್ ವೆಂಟ್ ನೀಡಿಂಗ್ ಬ್ಲಾಕ್ ಆದಮೇಲೆ ಇರಬೇಕು, ಗೇಜು ನಿಜಕ್ಕೂ ಇಳಿಯುತ್ತಿರಬೇಕು. ಅಮೀನ್–ಅನ್‌ಹೈಡ್ರೈಡ್ ಕ್ರಿಯೆಯಿಂದಲೇ ನೀರು ಹುಟ್ಟುತ್ತದೆ, ಅದು ಹೊರಹೋಗದಿದ್ದರೆ ಅಲ್ಲೇ ಉಳಿದು ಕಾಟ ಕೊಡುತ್ತದೆ. ವೆಂಟ್ ಬಳಿ ಮೂಗು, ಕಣ್ಣು ಉರಿಯುವ ವಾಸನೆ ಬಂದರೆ ಕಸಿಯಾಗದ ಮಲೇಯಿಕ್ ಅನ್‌ಹೈಡ್ರೈಡ್ ಉಳಿದಿದೆ ಎಂದರ್ಥ. ಆ ಮಾಲು ನಿಮ್ಮ ಕೆಲಸದವರ ಆರೋಗ್ಯಕ್ಕೂ ಒಳ್ಳೆಯದಲ್ಲ, ಕೂಡಲೇ ಎಕ್ಸಾಸ್ಟ್ ಸರಿಪಡಿಸಿ.

ಮೋಲ್ಡಿಂಗ್ ಕಡೆ

ಬ್ಯಾರೆಲ್ ನಿಲ್ಲಿಸಿದ ಪರೀಕ್ಷೆಯಲ್ಲಿ ಕಾಂಪೌಂಡ್ ಪಾಸಾಗಿ, ಗೇಟ್ ಬಳಿ ಮಾತ್ರ ಪದರ ಏಳುತ್ತಿದ್ದರೆ ಕಾರಣ ಹರಿವು. ಸಣ್ಣ ಗೇಟಿನಲ್ಲಿ ಶಿಯರ್ ದರ ಹತ್ತಾರು ಸಾವಿರಕ್ಕೆ ಏರುತ್ತದೆ. ಹನಿಗಳು ಹಾಳೆಗಳಾಗಿ ಎಳೆಯಲ್ಪಟ್ಟು, ಮತ್ತೆ ಗುಂಡಾಗುವ ಮೊದಲೇ ತಣ್ಣನೆಯ ಅಚ್ಚಿನ ಗೋಡೆ ಅವನ್ನು ಹಾಗೇ ಹಿಡಿದುಬಿಡುತ್ತದೆ. ಹೊರಚರ್ಮದ ಕೆಳಗೆ ಹಾಳೆಗಳು, ನಡುವಿನಲ್ಲಿ ಗುಂಡು ಹನಿಗಳು. ಸುಲಿದು ಬರುವುದು ಆ ಹಾಳೆಗಳ ಪಟ್ಟಿಯೇ. ಇಂಜೆಕ್ಷನ್ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಅಚ್ಚಿನ ತಾಪ 40ರಲ್ಲಿದ್ದರೆ 60–70ಕ್ಕೆ ತನ್ನಿ, ಮೆಲ್ಟ್ 10 ಡಿಗ್ರಿ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಷ್ಟಕ್ಕೂ ಹೋಗದಿದ್ದರೆ ಗೇಟ್ ದೊಡ್ಡದು ಮಾಡುವುದೇ ದಾರಿ, ಅದನ್ನು ಟೂಲ್ ರೂಮಿಗೆ ಹೇಳಲು ಹಿಂಜರಿಯಬೇಡಿ.

ಲ್ಯಾಬಿಗೆ ಕಳಿಸುವುದಾದರೆ

ಮೈಸೂರಿನ ಸಿಪೆಟ್‌ನಂಥ ಪರೀಕ್ಷಾ ಕೇಂದ್ರಕ್ಕೆ ಕಳಿಸುವಾಗ ಕೆಟ್ಟ ಭಾಗವೊಂದನ್ನೇ ಕಳಿಸಿದರೆ ಉತ್ತರ ಸಿಗುವುದಿಲ್ಲ. ಚೆನ್ನಾಗಿದ್ದ ಲಾಟಿನ ಗ್ರಾನ್ಯೂಲ್, ಕೆಟ್ಟ ಲಾಟಿನ ಗ್ರಾನ್ಯೂಲ್, ಎರಡರ ಭಾಗಗಳು, ಹೀಗೆ ನಾಲ್ಕು ಮಾದರಿ ಬೇಕು.

ಡಿಎಸ್‌ಸಿಯಲ್ಲಿ (ಬಿಸಿ ಮಾಡಿ, ತಣಿಸಿ ಶಾಖದ ಏರಿಳಿತ ಅಳೆಯುವ ಪರೀಕ್ಷೆ) ಎಲ್ಲರೂ ಕರಗುವ ಶಿಖರ ನೋಡುತ್ತಾರೆ, ನೀವು ತಣ್ಣಗಾಗುವ ಕರ್ವ್ ಕೇಳಿ. ನೈಲಾನ್ ದೊಡ್ಡ ಹನಿಗಳಲ್ಲಿದ್ದರೆ ಅದು 185–190 ಡಿಗ್ರಿಯ ಸುತ್ತ ಸ್ಫಟಿಕವಾಗುತ್ತದೆ. ಹನಿಗಳು ಮೈಕ್ರಾನಿಗಿಂತ ಸಣ್ಣದಾದಾಗ ಸ್ಫಟಿಕ ಶುರುವಾಗಲು ಬೇಕಾದ ಕಲ್ಮಶದ ಕಣ ಪ್ರತಿ ಹನಿಗೂ ಸಿಗುವುದಿಲ್ಲ. ಆ ಶಿಖರ ಕುಗ್ಗಿ, ನೈಲಾನ್ ತುಂಬಾ ಕೆಳಗಿನ ತಾಪದಲ್ಲಿ, ಹಲವು ಸಲ ಪಿಪಿಯ 110–120ರ ಶಿಖರದ ಜೊತೆಗೇ ಗಟ್ಟಿಯಾಗುತ್ತದೆ. ಚೆನ್ನಾಗಿದ್ದ ಲಾಟಿನಲ್ಲಿ 188ರ ಶಿಖರ ಅಡಗಿದ್ದು ಕೆಟ್ಟದ್ದರಲ್ಲಿ ಎದ್ದಿದ್ದರೆ ಹನಿ ದೊಡ್ಡದಾಗಿರುವುದಕ್ಕೆ ಅದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. ಕೆಲವೇ ಮಿಲಿಗ್ರಾಂ ಮಾದರಿ ಸಾಕು.

ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ) ಮಾಡಿಸುವುದಾದರೆ ದ್ರವ ಸಾರಜನಕದಲ್ಲಿ ತಣಿಸಿ ಮುರಿದು, ಫಾರ್ಮಿಕ್ ಆಮ್ಲದಲ್ಲಿ ನೈಲಾನ್ ಕರಗಿಸಿ ತೆಗೆದ ಮೇಲೆ ಚಿತ್ರ ತೆಗೆಯಲು ಹೇಳಿ. ಉಳಿಯುವ ತೂತುಗಳೇ ಹನಿಗಳ ಅಳತೆ. ಹರಿವಿನ ದಿಕ್ಕಿಗೂ ಅದಕ್ಕೆ ಅಡ್ಡವಾಗಿಯೂ ಎರಡು ಚಿತ್ರ ಬೇಕು, ಒಂದೇ ದಿಕ್ಕಿನ ಚಿತ್ರದಲ್ಲಿ ಹಾಳೆ ಕೂಡ ಗುಂಡಗೆ ಕಾಣಬಹುದು. ತೆಳುವಾಗಿ ಹೆರೆದ ಚೂರನ್ನು ಅದೇ ಆಮ್ಲದಲ್ಲಿಟ್ಟು ತೂಕ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ: ಹಾಕಿದ ನೈಲಾನಿನ ಬಹುಪಾಲು ಕರಗಿ ಹೋದರೆ ಅದು ಒಂದಕ್ಕೊಂದು ಅಂಟಿದ ಜಾಲವಾಗಿತ್ತು, ಸ್ವಲ್ಪವೇ ಹೋದರೆ ಪಿಪಿಯೊಳಗೆ ಹನಿಯಾಗಿ ಸಿಕ್ಕಿಕೊಂಡಿತ್ತು. ಫಾರ್ಮಿಕ್ ಆಮ್ಲ ಚರ್ಮ ಸುಡುತ್ತದೆ, ಫ್ಯೂಮ್ ಹುಡ್ ಇಲ್ಲದ ಕಡೆ ಇದನ್ನು ಮಾಡಬೇಡಿ.

ಪ್ರಮಾಣ ಹೆಚ್ಚಿಸುವುದು ಯಾವಾಗ

ಮೇಲಿನದೆಲ್ಲ ಸರಿಯಿದ್ದೂ ಹನಿ ದೊಡ್ಡದಾಗಿಯೇ ಇದ್ದರೆ ಆಗ ಫಾರ್ಮುಲಾ ಮುಟ್ಟಿ. ಅದಕ್ಕೂ ಮುಂಚೆ ನೈಲಾನ್ ಎಲ್ಲಿಂದ ಬರುತ್ತಿದೆ ಕೇಳಿ. ಮರುಬಳಕೆಯ ನೈಲಾನಿನಲ್ಲಿ, ಅದರಲ್ಲೂ ನೂಲು ಮತ್ತು ಬಲೆಯಿಂದ ಬಂದದ್ದರಲ್ಲಿ, ಅಮೀನ್ ತುದಿಗಳು ಲಾಟಿನಿಂದ ಲಾಟಿಗೆ ಬದಲಾಗುತ್ತವೆ. ಹಿಡಿದುಕೊಳ್ಳಲು ತುದಿಯೇ ಇಲ್ಲದಿದ್ದರೆ ಅನ್‌ಹೈಡ್ರೈಡ್ ಎಷ್ಟು ಹಾಕಿದರೂ ವ್ಯರ್ಥ. ಅಮೀನ್ ತುದಿಯ ಟೈಟ್ರೇಶನ್ ವರದಿ ಸಿಕ್ಕಿದ ಮೇಲೆ ಶೇ. 1ರಂತೆ ಏರಿಸುತ್ತ, ಪ್ರತಿ ಹೆಜ್ಜೆಯಲ್ಲೂ ನಾಚ್ ಇಂಪ್ಯಾಕ್ಟ್, ಟೆನ್ಸೈಲ್ ಮಾಡ್ಯುಲಸ್, ಎಂಎಫ್‌ಐ ಮೂರನ್ನೂ ಅಳೆಯಿರಿ. ಕಸಿ ಪಿಪಿ ಸಾಮಾನ್ಯವಾಗಿ ತೆಳುವಾದ, ಚಿಕ್ಕ ಸರಪಳಿಯ ಮಾಲು. ಗಡಿ ತುಂಬಿದ ಮೇಲೂ ಹಾಕುತ್ತ ಹೋದರೆ ಹೆಚ್ಚಾದದ್ದು ಪಿಪಿಯಲ್ಲೇ ಉಳಿದು ಅದನ್ನು ತೆಳ್ಳಗೆ ಮಾಡುತ್ತದೆ, ಸ್ನಿಗ್ಧತೆಯ ಅನುಪಾತ ಮತ್ತೆ ಮೇಲೇರುತ್ತದೆ. ಇಂಪ್ಯಾಕ್ಟ್ ಏರುವುದು ನಿಂತು ಮಾಡ್ಯುಲಸ್ ಇಳಿಯಲು ಶುರುವಾದ ಹೆಜ್ಜೆಗಿಂತ ಒಂದು ಹೆಜ್ಜೆ ಹಿಂದಿನ ಪ್ರಮಾಣವನ್ನು ಆ ನೈಲಾನ್ ಲಾಟಿಗೆ ಇಟ್ಟುಕೊಳ್ಳಿ. ಲಾಟ್ ಬದಲಾದಾಗ ಟೈಟ್ರೇಶನ್ನಿನಿಂದ ಮತ್ತೆ ಶುರು ಮಾಡಿ.